ನುಂಗುವ ಕ್ಯಾಮೆರಾ: ಕಣ್ಣುಂಟು, ಕೈಯಿಲ್ಲ

ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿಯ ಕಟ್ಟೆ ಮೇಲೆ ಮೆಣಸಿನಕಾಯಿ ರೇಟಿಗಿಂತ ಜೋರಾಗಿ ಓಡಾಡಿದ ಸುದ್ದಿ ಒಂದುಂಟು. ಅಂಗಡಿ ಯಜಮಾನರು ಬೆಂಗಳೂರಿಗೆ ಹೋಗಿ ಕ್ಯಾಮೆರಾ ನುಂಗಿ ಬಂದಿದ್ದಾರೆ! ಅದೂ ಒಂದಲ್ಲ, ಎರಡು ಸಲ.

ಸುದ್ದಿ ಕಟ್ಟೆಯಿಂದ ಇಳಿದು ಪೇಟೆ ಸುತ್ತಿದ ಮೇಲೆ ಕೇಳಬೇಕೆ? ಕ್ಷೌರದಂಗಡಿಯಲ್ಲಿ ಒಬ್ಬರು "ಆ ಮಾತ್ರೆ ಕರುಳೊಳಗೆ ಹೋಗಿ ಗಾಯಕ್ಕೆ ಮುಲಾಮು ಹಚ್ಚಿ ಬರ್ತದಂತೆ" ಅಂದರು. ಹರಿಹರದ ಬಸ್ಸಿನಲ್ಲಿ ಇನ್ನೊಬ್ಬರು "ಅದು ಒಳಗೇ ಸಿಕ್ಕಾಕ್ಕೊಂಡ್ರೆ ಗತಿ ಏನ್ರೀ?" ಎಂದು ಸೀಟು ಬಿಟ್ಟು ಎದ್ದು ಕೇಳಿದರು. ಮೂರನೆಯವರು ಉದಾರಿಗಳು. "ನಮ್ಮತ್ತೆಗೂ ಗ್ಯಾಸು. ಒಂದು ನುಂಗಿಸಿಬಿಡೋಣ ಅಂತಿದೀನಿ."

ಸ್ವಲ್ಪ ತಡೆಯಿರಿ ಸ್ವಾಮಿ. ಅತ್ತೆಗೆ ನುಂಗಿಸುವ ಮುಂಚೆ ಯಜಮಾನರ ಕಥೆ ಕೇಳಿ. ಮನೆಯವರ ಕೋರಿಕೆ ಮೇರೆಗೆ ಹೆಸರು ಬರೆಯುತ್ತಿಲ್ಲ. ಆಸ್ಪತ್ರೆಗಳ ಹೆಸರೂ ಬೇಡ.

ಡಾಂಬರು ಕಂಡ ದೀಪಾವಳಿ

2024ರ ದೀಪಾವಳಿ. ಲಕ್ಷ್ಮೀಪೂಜೆ ದಿವಸ ಅಂಗಡಿಯಲ್ಲಿ ನಿಂತಿದ್ದ ಯಜಮಾನರಿಗೆ ಕಣ್ಣು ಕತ್ತಲೆ ಬಂತು. ವಯಸ್ಸು 60ರ ಹತ್ತಿರ, ಮಂಡಿನೋವು ಬಿಟ್ಟರೆ ಗಟ್ಟಿ ಆಸಾಮಿ. ಮೂರು ದಿವಸದಿಂದ ಹೊರಕಡೆಗೆ ಕಪ್ಪಗೆ, ಡಾಂಬರಿನ ಹಾಗೆ ಅಂಟಂಟಾಗಿ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೇ ಅದು? "ಉಷ್ಣ ಆಗೈತೆ" ಎಂದು ಮಜ್ಜಿಗೆ ಕುಡಿದಿದ್ದರು.

ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ 6. ಗಂಡಸರಿಗೆ 13ರ ಮೇಲಿರಬೇಕು. ಮೂರು ಬಾಟಲಿ ರಕ್ತ ಏರಿಸಿದರು. ಬಾಯಿಂದ ಟ್ಯೂಬು ಬಿಟ್ಟು ಹೊಟ್ಟೆ ನೋಡಿದರು, ಚೊಕ್ಕಟ. ಕೆಳಗಿನಿಂದ ಬಿಟ್ಟು ದೊಡ್ಡ ಕರುಳು ನೋಡಿದರು, ಅದೂ ಚೊಕ್ಕಟ. ಮೂಲವ್ಯಾಧಿಯೂ ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ, ಹಾಗಾದರೆ ರಕ್ತ ಹೋಗುತ್ತಿರುವುದು ಎಲ್ಲಿಂದ?

ನಡುವಿನಿಂದ. ಬಾಯಿಂದ ಬಿಡುವ ಎಂಡೋಸ್ಕೋಪು ಜಠರ ದಾಟಿ ಸಣ್ಣ ಕರುಳಿನ ಬಾಗಿಲು ನೋಡಿ ವಾಪಸು ಬರುತ್ತದೆ. ಕೆಳಗಿನಿಂದ ಹೋಗುವ ಕೊಲೊನೋಸ್ಕೋಪು ದೊಡ್ಡ ಕರುಳು ಮುಗಿಸಿ ಸಣ್ಣ ಕರುಳಿನ ಹಿತ್ತಿಲಿಗೆ ಇಣುಕಿ ನೋಡಬಹುದು, ಅಷ್ಟೆ. ಎರಡರ ನಡುವೆ ಸುಮಾರು 20 ಅಡಿ ಉದ್ದದ ಸಣ್ಣ ಕರುಳು ಸುತ್ತಿ ಸುತ್ತಿ ಮಲಗಿದೆ. ಜೀರ್ಣಾಂಗದಲ್ಲಿ ರಕ್ತ ಸೋರುವವರನ್ನು ಲೆಕ್ಕ ಹಾಕಿದರೆ ನೂರಕ್ಕೆ ಐದರಿಂದ ಹತ್ತು ಮಂದಿಗೆ ಸೋರಿಕೆ ಇರುವುದು ಈ ನಡುಮನೆಯಲ್ಲಿ. ಬಹಳ ಕಾಲ ಇದನ್ನು ಪೂರ್ತಿ ನೋಡಬೇಕೆಂದರೆ ಹೊಟ್ಟೆ ಕೊಯ್ಯುವುದೇ ದಾರಿಯಾಗಿತ್ತು. ಇಲ್ಲವಾದರೆ ರಕ್ತ ಏರಿಸುವುದು, ಕಾಯುವುದು, ಮತ್ತೆ ಏರಿಸುವುದು.

ಕ್ಷಿಪಣಿ ಮಾಡುವವನ ತಲೆ

ಈ ಮಾತ್ರೆ ಹೊಳೆದದ್ದು ವೈದ್ಯರಿಗಲ್ಲ ಎಂಬುದೇ ಸೋಜಿಗ. ಗೇವ್ರಿಯಲ್ ಇಡ್ಡಾನ್ ಎಂಬ ಇಸ್ರೇಲಿನ ಇಂಜಿನಿಯರ್. ಗುರಿ ಹುಡುಕಿಕೊಂಡು ಹೋಗುವ ಕ್ಷಿಪಣಿಗಳಿಗೆ ಕಣ್ಣು ಜೋಡಿಸುವುದು ಆತನ ಕಸುಬು. 1981ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದವರು ಐಟಾನ್ ಸ್ಕಾಪಾ ಎಂಬ ಹೊಟ್ಟೆ ಡಾಕ್ಟರು. ನೆರೆಹೊರೆ ಹರಟೆಯಲ್ಲಿ "ನಮ್ಮ ಟ್ಯೂಬು ಎಲ್ಲಾ ಕಡೆ ಹೋಗಲ್ಲ" ಎಂಬ ಗೋಳು ಬಂತು. ಕ್ಷಿಪಣಿಯ ಮೂತಿಗೆ ಕ್ಯಾಮೆರಾ ಕೂರಿಸುವವನು ಮಾತ್ರೆಗೆ ಯಾಕೆ ಕೂರಿಸಬಾರದು? ಹರಟೆಯ ಬೀಜ ಮೊಳೆಯಲು ಹತ್ತು ಹದಿನೈದು ವರ್ಷ ಬೇಕಾಯಿತು. ಅದಕ್ಕೆ ಬೇಕಾದಷ್ಟು ಸಣ್ಣ, ಕಡಿಮೆ ಕರೆಂಟು ತಿನ್ನುವ ಕ್ಯಾಮೆರಾ ಚಿಪ್ಪು ಬಂದದ್ದೇ ಆಮೇಲೆ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಪಾಲ್ ಸ್ವೇನ್ ಎಂಬ ವೈದ್ಯರು ಇಂಥದ್ದೇ ಹುಚ್ಚು ಹಿಡಿಸಿಕೊಂಡಿದ್ದರು. ಇಬ್ಬರೂ ಕೈಜೋಡಿಸಿದರು. 1999ರಲ್ಲಿ ಮೊಟ್ಟಮೊದಲ ಮಾತ್ರೆ ನುಂಗಿದ ಮಹಾಶಯರು ಯಾರು ಗೊತ್ತೇ? ಸ್ವೇನ್ ಸಾಹೇಬರೇ. ಮಾಡಿದ ಅಡುಗೆ ಮೊದಲು ತಾನು ಉಂಡು ನೋಡಿದ ಹಾಗೆ. 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು, 2001ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು. ಈಗ ಜಪಾನು, ಕೊರಿಯಾ, ಚೀನಾದವರೂ ಮಾಡುತ್ತಾರೆ.

ಮಾತ್ರೆಯ ಉದ್ದ 26 ಮಿಲಿಮೀಟರ್, ದಪ್ಪ 11 ಮಿಲಿಮೀಟರ್. ನಮ್ಮ ಯಜಮಾನರ ಭಾಷೆಯಲ್ಲಿ "ದಪ್ಪ ಉತ್ತತ್ತಿ ಬೀಜದಷ್ಟು ಐತ್ರಿ, ನುಣ್ಣಗೆ ಐತೆ." ಅದರೊಳಗೆ ಕ್ಯಾಮೆರಾ, ದೀಪಗಳು, ಬ್ಯಾಟರಿ, ಪುಟಾಣಿ ರೇಡಿಯೊ. ಮೊದಮೊದಲ ಮಾತ್ರೆ ಸೆಕೆಂಡಿಗೆ 2 ಫೋಟೊದಂತೆ 8 ತಾಸು ತೆಗೆಯುತ್ತಿತ್ತು. ಅಂಗಡಿಯವರು ಲೆಕ್ಕ ಹಾಕಿಕೊಳ್ಳಿ: 57,600 ಫೋಟೊ! ಈಗಿನವು ಬೇಗ ಸಾಗುವಾಗ ಸೆಕೆಂಡಿಗೆ 6ರ ತನಕ ತೆಗೆಯುತ್ತವೆ, ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ. ಫೋಟೊಗಳೆಲ್ಲ ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಬಂದು ಬೀಳುತ್ತವೆ.

ಚೀಟಿ ದುಡ್ಡು, ಖಾಲಿ ಫೋಟೊ

ಯಜಮಾನರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ಅಪ್ಪಾ, ಇಲ್ಲಿ ಮಾಡ್ಸೋಣ" ಅಂದ. ಮಾತ್ರೆ ಒಂದಕ್ಕೇ ಹತ್ತಾರು ಸಾವಿರ ರೂಪಾಯಿ. ಒಂದು ಸಲ ನುಂಗಿದ್ದು ಒಬ್ಬರಿಗೇ, ತೊಳೆದು ಇನ್ನೊಬ್ಬರಿಗೆ ಕೊಡುವ ಮಾಲಲ್ಲ. ಹಬ್ಬದ ಸ್ಟಾಕಿಗೆ ದುಡ್ಡು ಹಾಕಿಯಾಗಿತ್ತು. "ಚೀಟಿ ಎತ್ತಿದ ಮೇಲೆ ನೋಡಣ" ಎಂದು ಯಜಮಾನರು ಮುಂದೂಡಿದರು. ಆಸ್ಪತ್ರೆಯವರೂ "ಅನುಕೂಲ ಆದಾಗ ಬನ್ನಿ" ಅಂದರಂತೆ.

ಸಂಕ್ರಾಂತಿ ಕಳೆದ ಮೇಲೆ ಅನುಕೂಲ ಆಯಿತು. ಅಷ್ಟರಲ್ಲಿ ಕಪ್ಪಗೆ ಹೋಗುವುದು ನಿಂತು ಎರಡು ತಿಂಗಳ ಮೇಲಾಗಿತ್ತು. ನುಂಗಿದರು. ಬಂದ ವರದಿ: ಏನೂ ಇಲ್ಲ, ಎಲ್ಲಾ ಸರಿಯಾಗಿದೆ.

"ಏನೂ ಇಲ್ಲ ಅಂದ್ರೆ ಖುಷಿ ಪಡಬೇಕೋ, ದುಡ್ಡು ಹೋಯ್ತಲ್ಲ ಅಂತ ಅಳಬೇಕೋ ತಿಳೀಲಿಲ್ರಿ" ಎನ್ನುತ್ತಾರೆ ಯಜಮಾನರು.

ಇಲ್ಲೇ ನೋಡಿ ಈ ಕಥೆಯ ಗಂಟು ಇರುವುದು. 2004ರಲ್ಲಿ ಇಟಲಿಯ ಮಾರ್ಕೊ ಪೆನ್ನಾಝಿಯೊ ಮತ್ತು ಸಂಗಡಿಗ ವೈದ್ಯರು 100 ರೋಗಿಗಳಿಗೆ ಮಾತ್ರೆ ನುಂಗಿಸಿದ ಲೆಕ್ಕ ಪ್ರಕಟಿಸಿದರು. ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿರುವಾಗಲೇ ನುಂಗಿದವರಲ್ಲಿ ನೂರಕ್ಕೆ 92 ಮಂದಿಗೆ ಕಾರಣ ಸಿಕ್ಕಿತು. ಕಣ್ಣಿಗೆ ಕಾಣದೆ ಒಳಗೊಳಗೇ ಸೋರುತ್ತಿದ್ದವರಲ್ಲಿ 44. ಒಮ್ಮೆ ರಕ್ತ ಹೋಗಿ ನಿಂತುಬಿಟ್ಟ ಮೇಲೆ ನುಂಗಿದವರಲ್ಲಿ? ಬರೀ 13! ಮಾತ್ರೆ ಅದೇ, ಕ್ಯಾಮೆರಾ ಅದೇ, ಬಿಲ್ಲೂ ಅದೇ.

ಯೂರೋಪಿನ ಎಂಡೋಸ್ಕೋಪಿ ವೈದ್ಯರ ಸಂಘ 2015ರಲ್ಲಿ ರಕ್ತ ಕಂಡ 14 ದಿವಸದೊಳಗೆ ನುಂಗಿಸಿದರೆ ಒಳ್ಳೆಯದು ಎಂದಿತ್ತು. 2022ರಲ್ಲಿ ಅದನ್ನೂ ಬಿಗಿ ಮಾಡಿ, ಆದಷ್ಟು ಬೇಗ, ಸಾಧ್ಯವಾದರೆ 48 ತಾಸಿನೊಳಗೆ ಎಂದಿತು. ಕಳ್ಳ ಮನೆಯಲ್ಲಿರುವಾಗಲೇ ಪೊಲೀಸರು ಬರಬೇಕು. ಅವನು ಹೋಗಿ ಎರಡು ತಿಂಗಳಾದ ಮೇಲೆ ಪಂಚನಾಮೆ ಮಾಡಿದರೆ ಬಾಗಿಲ ಚಿಲಕ ಸರಿಯಾಗಿದೆ ಅಂತಲೇ ಬರೆಯಬೇಕಾಗುತ್ತದೆ. "ಅನುಕೂಲ ಆದಾಗ ಬನ್ನಿ" ಎಂದ ಆ ಪುಣ್ಯಾತ್ಮರು ಇದೊಂದು ಮಾತು ಮೊದಲೇ ಹೇಳಿದ್ದರೆ ಯಜಮಾನರು ಚೀಟಿಗೆ ಕಾಯದೆ ಸಾಲವನ್ನಾದರೂ ಮಾಡುತ್ತಿದ್ದರು.

ರಾತ್ರಿ ಬಸ್ಸು

2025ರ ಯುಗಾದಿ ಆಗಿ ನಾಲ್ಕು ದಿವಸ. ಬೆಳಿಗ್ಗೆ ಮತ್ತೆ ಡಾಂಬರು! ಈ ಸಲ ಯಜಮಾನರು ಮುಚ್ಚಿಡಲಿಲ್ಲ. ಮಗ ಬೇರೊಬ್ಬ ಡಾಕ್ಟರಿಗೆ ಫೋನು ಹಚ್ಚಿಕೊಟ್ಟ. ಅವರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ. "ಯಜಮಾನ್ರೇ, ಯಾವತ್ತಿಂದ ಕಪ್ಪಗೆ ಹೋಗ್ತಿದೆ?"

"ಇವತ್ತು ಬೆಳಿಗ್ಗೆಯಿಂದ."

"ತಲೆ ಸುತ್ತು ಜಾಸ್ತಿ ಇದ್ರೆ ಅಲ್ಲೇ ಆಸ್ಪತ್ರೆಗೆ ಹೋಗಿ ಸೇರ್ಕೊಳ್ಳಿ, ಮೊದಲು ಜೀವ. ಇಲ್ಲಾ ಅಂದ್ರೆ ರಾತ್ರಿನೇ ಹೊರಟು ಬನ್ನಿ."

ತಲೆ ಸುತ್ತು ಇರಲಿಲ್ಲ. ಊರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿ, 9 ಇದೆ ಎಂದು ತಿಳಿಸಿ, ಮಗ್ಗುಲಲ್ಲಿ ತಮ್ಮನನ್ನು ಕೂರಿಸಿಕೊಂಡು ರಾತ್ರಿ ಬಸ್ಸು ಹತ್ತಿದರು.

ಅಲ್ಲಿ ಡಾಕ್ಟರು ಕೇಳಿದ ಎರಡನೆಯ ಪ್ರಶ್ನೆ: "ಏನೇನ್ ಮಾತ್ರೆ ತಗೋತೀರಿ?" ಯಜಮಾನರು ಬಿ.ಪಿ. ಮಾತ್ರೆ ಹೇಳಿದರು. ಮಂಡಿನೋವಿನದು ಹೇಳಲಿಲ್ಲ. ಅದೇನು ಔಷಧವೇ? ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವಂಥದ್ದು! ತಮ್ಮ ಬಾಯಿಬಿಟ್ಟ. ಎರಡು ವರ್ಷದಿಂದ ದಿನಕ್ಕೊಂದು, ಸಂತೆ ದಿವಸ ಎರಡು.

ಬಸ್ಸು ಓಡಿಸುವವರು, ಮೂಟೆ ಹೊರುವವರು, ದಿನವಿಡೀ ನಿಂತು ವ್ಯಾಪಾರ ಮಾಡುವವರು ಇಲ್ಲಿ ಕಿವಿಗೊಡಿ. ಡೈಕ್ಲೊಫಿನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ಜಠರಕ್ಕೆ ಹುಣ್ಣು ತರುತ್ತದೆ ಎಂಬುದು ಹಳೆಯ ಸುದ್ದಿ. ಸಣ್ಣ ಕರುಳಿನಲ್ಲೂ ಹುಣ್ಣು ಮಾಡುತ್ತದೆ, ಕೆಲವರಲ್ಲಿ ಕರುಳಿನೊಳಗೆ ಬಳೆಯಂಥ ಪರದೆ ಕಟ್ಟಿ ದಾರಿ ಕಿರಿದು ಮಾಡುತ್ತದೆ ಎಂಬುದು ಎಷ್ಟು ವ್ಯಾಪಕ ಎಂದು ಚೆನ್ನಾಗಿ ಕಂಡದ್ದು ಈ ಕ್ಯಾಮೆರಾ ಬಂದ ಮೇಲೆ. "ಜತೆಗೆ ಗ್ಯಾಸ್ಟ್ರಿಕ್ ಮಾತ್ರೆ ತಗೊಂಡ್ರೆ ಏನೂ ಆಗಲ್ಲ" ಎಂಬ ಮಾತು ಜಠರದ ಮಟ್ಟಿಗೆ ಒಂದಷ್ಟು ನಿಜ. ಸಣ್ಣ ಕರುಳಿಗೆ ಅದು ಕಾವಲು ಕೊಡುವುದಿಲ್ಲ.

ಸಿಕ್ಕಿಹಾಕಿಕೊಂಡರೆ?

ಹರಿಹರದ ಬಸ್ಸಿನವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಾಮಾನ್ಯವಾಗಿ ಒಂದೆರಡು ದಿವಸದಲ್ಲಿ ಮಾತ್ರೆ ತಾನಾಗಿ ಹೊರಗೆ ಬೀಳುತ್ತದೆ. ಎರಡು ವಾರವಾದರೂ ಹೊರಬೀಳದೆ ಇದ್ದರೆ 'ಸಿಕ್ಕಿಕೊಂಡಿದೆ' ಎಂದು ಲೆಕ್ಕ. ಒಟ್ಟಾರೆ ನೂರಕ್ಕೆ ಒಂದೆರಡು ಮಂದಿಯಲ್ಲಿ ಹೀಗಾಗುವುದುಂಟು. ಕ್ರೋನ್ಸ್ ಎಂಬ ಕರುಳುಬೇನೆ ಇದ್ದವರಲ್ಲಿ ಇದಕ್ಕಿಂತ ಜಾಸ್ತಿ. ಕರುಳು ಕ್ಷಯ, ಗಡ್ಡೆ, ನೋವಿನ ಮಾತ್ರೆಯ ಪರದೆ, ಹಿಂದೆ ಆಪರೇಷನ್ ಆದ ಜಾಗ... ಎಲ್ಲೆಲ್ಲಿ ದಾರಿ ಕಿರಿದಾಗಿದೆಯೋ ಅಲ್ಲೆಲ್ಲ ಅಪಾಯ. ಸಿಕ್ಕಿಕೊಂಡ ಕೂಡಲೇ ಪ್ರಾಣ ಹೋಗುವುದಿಲ್ಲ. ಎಷ್ಟೋ ಜನರಿಗೆ ಗೊತ್ತೂ ಆಗುವುದಿಲ್ಲ. ಆದರೆ ಔಷಧದಿಂದಲೋ, ಉದ್ದನೆಯ ಎಂಡೋಸ್ಕೋಪಿನಿಂದಲೋ, ಕೊನೆಗೆ ಆಪರೇಷನ್ನಿನಿಂದಲೋ ತೆಗೆಯಬೇಕಾಗಬಹುದು.

ಅದಕ್ಕೇ ಬಲ್ಲ ವೈದ್ಯರು ಮೊದಲು ವಿಚಾರಣೆ ಮಾಡುತ್ತಾರೆ. ಊಟವಾದ ಮೇಲೆ ಹೊಟ್ಟೆ ಹಿಂಡಿ ನೋವು ಬರುತ್ತದೆಯೇ? ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆಯೇ? ಗುಮಾನಿ ಬಂದರೆ ಸ್ಕ್ಯಾನು ಮಾಡಿಸುತ್ತಾರೆ, ಇಲ್ಲವೇ ಮೊದಲು ಒಂದು ಡಮ್ಮಿ ಮಾತ್ರೆ ನುಂಗಿಸುತ್ತಾರೆ. ಅದೇ ಗಾತ್ರ, ಕ್ಯಾಮೆರಾ ಇಲ್ಲ. 30 ತಾಸಿನ ಮೇಲೆ ಕರಗಲು ಶುರುವಾಗುತ್ತದೆ. ಅದು ಆಕಾರ ಕೆಡದೆ ಪಾರಾದರೆ ನಿಜವಾದ್ದೂ ಪಾರಾಗುತ್ತದೆ ಎಂಬ ಭರವಸೆ. ಯಜಮಾನರ ಮಟ್ಟಿಗೆ ಹೊಟ್ಟೆನೋವು ಇರಲಿಲ್ಲ, ಜನವರಿಯಲ್ಲಿ ಒಂದು ಮಾತ್ರೆ ಸಲೀಸಾಗಿ ದಾಟಿತ್ತು. ಆ ಖಾಲಿ ಫೋಟೊದಿಂದ ಇಷ್ಟಾದರೂ ಉಪಕಾರವಾಯಿತು.

ಪೂರ್ತಿ ತಯಾರಿ ಬೇಕಾದರೆ ಹಿಂದಿನ ದಿವಸ ಗಂಜಿ-ಎಳನೀರಿನಂಥ ತಿಳಿ ಪದಾರ್ಥ, ರಾತ್ರಿ ಉಪವಾಸ, ಕರುಳು ತೊಳೆಯುವ ಭೇದಿ ಔಷಧ. ಕಬ್ಬಿಣಾಂಶದ ಮಾತ್ರೆ ತಿನ್ನುತ್ತಿದ್ದರೆ ಕೆಲವು ದಿವಸ ಮೊದಲೇ ನಿಲ್ಲಿಸಬೇಕು. ಅದು ಕರುಳಿಗೆ ಕಪ್ಪು ಬಳಿದುಬಿಡುತ್ತದೆ, ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಯಜಮಾನರು ಬಸ್ಸಿನಲ್ಲೇ ಉಪವಾಸ. ಬೆಳಿಗ್ಗೆ ಭೇದಿ ಔಷಧ ಕುಡಿಸಿ, ಮಧ್ಯಾಹ್ನ ಸೊಂಟಕ್ಕೆ ಪಟ್ಟಿ ಕಟ್ಟಿ, ಒಂದು ಲೋಟ ನೀರಿನಲ್ಲಿ ಮಾತ್ರೆ ನುಂಗಿಸಿದರು. ನೋವಿಲ್ಲ, ಮಂಪರು ಇಂಜೆಕ್ಷನ್ ಇಲ್ಲ. ಎರಡು ತಾಸಿನ ಮೇಲೆ ನೀರು, ನಾಲ್ಕು ತಾಸಿನ ಮೇಲೆ ಎರಡು ಇಡ್ಲಿ. ಬೆಂಚಿನ ಮೇಲೆ ಕೂತು ಅಂಗಡಿಗೆ ಫೋನು ಮಾಡಿ ಬೇಳೆ ರೇಟು ವಿಚಾರಿಸಿದರಂತೆ!

ನೂರು ಫೋಟೊದ ಕೆಂಪು ಚುಕ್ಕೆ

ಮಾತ್ರೆಯ ಕೆಲಸ ಅಲ್ಲಿಗೆ ಮುಗಿಯಿತು, ಡಾಕ್ಟರ ಕೆಲಸ ಆಗ ಶುರು. ಸಾವಿರಾರು ಫೋಟೊ ಸಿನಿಮಾದಂತೆ ಓಡಿಸಿ ನೋಡಬೇಕು. ಬೇಗ ಓಡಿಸಿದರೂ ಮುಕ್ಕಾಲು ತಾಸು, ಒಂದು ತಾಸು ಹಿಡಿಯುತ್ತದೆ. ಹುಣ್ಣೊಂದು ಒಂದೇ ಒಂದು ಫೋಟೊದಲ್ಲಿ ಬಂದು ಹೋಗಿರಬಹುದು, ಕಣ್ಣು ಮಿಟುಕಿಸಿದರೆ ತಪ್ಪಿತು. ಈಚೆಗೆ ಕಂಪ್ಯೂಟರೇ ಅನುಮಾನದ ಚಿತ್ರಗಳನ್ನು ಆರಿಸಿ ಮುಂದಿಡುವ ಏರ್ಪಾಡೂ ಬಂದಿದೆ. ಆದರೂ ತೀರ್ಮಾನ ಡಾಕ್ಟರದ್ದೇ.

ಮಾತ್ರೆಗೆ ಸ್ಟೀರಿಂಗು ಇಲ್ಲ, ಬ್ರೇಕಿಲ್ಲ, ರಿವರ್ಸು ಮೊದಲೇ ಇಲ್ಲ. ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯಿಂದ ಊರುಗಳ ಬೋರ್ಡು ಓದಿದ ಹಾಗೆ. ಕೆಲವರಲ್ಲಿ ದೊಡ್ಡ ಕರುಳು ಮುಟ್ಟುವ ಮೊದಲೇ ಬ್ಯಾಟರಿ ತೀರಿಹೋಗುತ್ತದೆ. ಒಂಟಿ ಗಡ್ಡೆಯೊಂದನ್ನು ದಾಟಿಕೊಂಡೇ ಬಂದು "ಏನಿಲ್ಲ" ಅಂದ ಪ್ರಸಂಗಗಳೂ ಇವೆ.

ಯಜಮಾನರ ಚಿತ್ರದಲ್ಲಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ತಾಜಾ ರಕ್ತದ ಗೆರೆ. ಅದರ ಮೇಲುಗಡೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆ, ಜೇಡರ ಬಲೆಯಂತೆ ಕೆದರಿದ ನರಗಳು. ವಯಸ್ಸಾದವರಲ್ಲಿ ಈ ರಕ್ತನಾಳದ ಗಂಟುಗಳು ಕಾಣುವುದು ಹೆಚ್ಚು. ಕಾಯಿಲೆ ಕಾಣಿಸಿತು, ಸರಿ. ಮಾತ್ರೆ ಮುಲಾಮು ಹಚ್ಚಿತೇ? ಇಲ್ಲ ಸ್ವಾಮಿ. ಅದು ಮುಟ್ಟುವುದಿಲ್ಲ, ಚೂರು ಕತ್ತರಿಸಿ ಪರೀಕ್ಷೆಗೆ ಕೊಡುವುದಿಲ್ಲ, ರಕ್ತ ನಿಲ್ಲಿಸುವುದಿಲ್ಲ.

ಕೈ ಬೇಕಾದರೆ ಬಲೂನಿನ ಎಂಟರೋಸ್ಕೋಪು ಬೇಕು. ಜಪಾನಿನ ಹಿರೊನೊರಿ ಯಮಾಮೊಟೊ ಎಂಬ ವೈದ್ಯರು 2001ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯ. ಟ್ಯೂಬಿನ ಬಲೂನು ಉಬ್ಬಿಸಿ ಕರುಳನ್ನು ಹಿಡಿದು, ಲುಂಗಿ ನೆರಿಗೆ ಹಿಡಿದಂತೆ ಹಿಂದಕ್ಕೆ ಜಗ್ಗಿ, ಮುಂದೆ ಮುಂದೆ ಹೋಗುವುದು. ಬಾಯಿಂದ ಹೋಗಬೇಕೋ ಕೆಳಗಿನಿಂದಲೋ ಎಂದು ಹೇಳುವುದು ಮಾತ್ರೆಯ ಗಡಿಯಾರ. ಸಣ್ಣ ಕರುಳಿನ ಪ್ರಯಾಣದಲ್ಲಿ ಸುಮಾರು ಮೊದಲ ಮೂರರಲ್ಲಿ ಎರಡು ಪಾಲಿನೊಳಗೆ ಚುಕ್ಕೆ ಕಂಡರೆ ಬಾಯಿಂದ, ಆಮೇಲೆ ಕಂಡರೆ ಕೆಳಗಿನಿಂದ. ಯಜಮಾನರಿಗೆ ಮಂಪರು ಕೊಟ್ಟು ಬಾಯಿಂದ ಹೋಗಿ ಚುಕ್ಕೆ ಸುಟ್ಟರು. ಅದಕ್ಕೆ ಬೇರೆ ಬಿಲ್ಲು, ಇನ್ನೂ ದೊಡ್ಡದು. ಮಾತ್ರೆ ನುಂಗುವ ಮುಂಚೆಯೇ "ಏನಾದರೂ ಸಿಕ್ಕಿದರೆ ಮುಂದೇನು, ಅದು ಇಲ್ಲೇ ಆಗುತ್ತದೆಯೇ, ಎಷ್ಟು?" ಎಂದು ಕೇಳಿಕೊಳ್ಳುವುದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆದರೂ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರಿಗೂ ಮರೆಯುತ್ತದೆ.

ನಮ್ಮ ದೇಶದಲ್ಲಿ ಈ ಮಾತ್ರೆ ಕಂಡದ್ದು ಚುಕ್ಕೆಯನ್ನಷ್ಟೇ ಅಲ್ಲ. ವರ್ಷಗಟ್ಟಲೆ ರಕ್ತಹೀನತೆಯಿಂದ ಬಳಲಿದವರ ಕರುಳಲ್ಲಿ ಕೊಕ್ಕೆಹುಳು ಕಚ್ಚಿಕೊಂಡು ಕೂತದ್ದನ್ನು ಕ್ಯಾಮೆರಾ ಹಿಡಿದುಕೊಟ್ಟ ವರದಿಗಳನ್ನು ಭಾರತದ ವೈದ್ಯರೇ ಬರೆದಿದ್ದಾರೆ. ಕೆಲವು ರೂಪಾಯಿಯ ಹುಳದ ಮಾತ್ರೆಯ ಕೆಲಸವನ್ನು ಹತ್ತಾರು ಸಾವಿರದ ಮಾತ್ರೆ ತೋರಿಸಿಕೊಡಬೇಕಾಯಿತು! ಇನ್ನೊಂದು ತಲೆನೋವು ಕ್ಷಯ. ಕರುಳು ಕ್ಷಯದ ಹುಣ್ಣೂ ಕ್ರೋನ್ಸ್ ಹುಣ್ಣೂ ಫೋಟೊದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಔಷಧ ಮಾತ್ರ ಬೇರೆ ಬೇರೆ. ಅಲ್ಲಿ ಫೋಟೊ ಒಂದನ್ನೇ ನಂಬಿ ತೀರ್ಪು ಕೊಡಲಾಗದು, ಚೂರು ತೆಗೆದು ನೋಡುವ ದಾರಿಯನ್ನು ಹುಡುಕಲೇಬೇಕು.

ಅತ್ತೆಯ ಗ್ಯಾಸಿನ ವಿಷಯ ಬಾಕಿ ಉಳಿಯಿತು. ರಕ್ತ ಹೋಗುತ್ತಿಲ್ಲ, ರಕ್ತಹೀನತೆಯಿಲ್ಲ, ತೂಕ ಇಳಿದಿಲ್ಲ, ಬರೀ ಹೊಟ್ಟೆ ಉಬ್ಬರ, ತೇಗು, ನೋವು ಎಂಬವರಿಗೆ ಈ ಮಾತ್ರೆಯಿಂದ ಸಿಗುವುದು ಬಹಳ ಕಮ್ಮಿ. ಒಳ್ಳೆಯ ಡಾಕ್ಟರು ತಾವಾಗಿಯೇ ಬೇಡ ಅನ್ನುತ್ತಾರೆ. ಮೇಲಿನ ಟ್ಯೂಬು, ಕೆಳಗಿನ ಟ್ಯೂಬು ಎರಡೂ ಸರಿಯಾಗಿ ಆಗುವ ಮುಂಚೆ "ಕ್ಯಾಮೆರಾ ಪ್ಯಾಕೇಜ್" ಎಂದು ಯಾರಾದರೂ ಶುರುಮಾಡಿದರೆ ಯಾಕೆ ಎಂದು ಕೇಳಿ.

ಯಜಮಾನರು ಈಗ ಅಂಗಡಿಯಲ್ಲಿದ್ದಾರೆ. ಇಂಥ ಚುಕ್ಕೆ ಒಂದು ಕಡೆ ಸುಟ್ಟರೆ ಇನ್ನೊಂದು ಕಡೆ ಹುಟ್ಟುವುದುಂಟು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನೋವಿನ ಮಾತ್ರೆ ಬಂದ್. ಮಂಡಿಗೆ ಎಣ್ಣೆ, ವ್ಯಾಯಾಮ, ಕೂತು ವ್ಯಾಪಾರ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಕಳೆದ ಸಲ 11.8 ಇತ್ತು. ಚೀಟಿಯನ್ನು ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ, ಉದ್ರಿ ಲೆಕ್ಕದ ಪಕ್ಕದಲ್ಲೇ ಇಟ್ಟಿದ್ದಾರೆ.

"ಆ ಕ್ಯಾಮೆರಾ ಏನಾಯ್ತು ಯಜಮಾನ್ರೇ?" ಅಂದೆ.

"ಮೂರನೇ ದಿನಕ್ಕೆ ಹೋಯ್ತು ನೋಡ್ರಿ. ಹೋಗಿದ್ದು ಕಣ್ಣಾರೆ ನೋಡ್ಬೇಕು, ನೋಡ್ದಿದ್ರೆ ಎಕ್ಸ್‌ರೇ ತೆಗಿಸ್ಬೇಕು, ಅಲ್ಲೀತನಕ ಎಂ.ಆರ್.ಐ. ಮಿಷನ್ ಹತ್ರ ಸುಳೀಬಾರ್ದು ಅಂದಿದ್ರು. ಎರಡು ದಿನ ಬ್ಯಾಟರಿ ಹಿಡ್ಕೊಂಡು ಕಾದೆ" ಎಂದು ನಕ್ಕು, ಗಿರಾಕಿಗೆ ಕಾಲು ಕೆಜಿ ತೊಗರಿಬೇಳೆ ತೂಗತೊಡಗಿದರು.